ಚಂದ್ರಿ ಮುಗಿಸಿ ಹೋದ ಕೆಲಸ

1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಹೊರಬಂದಂದಿನಿಂದ ಇವತ್ತಿನವರೆಗೆ, ಅದನ್ನು ಬೈದವರೂ ಹೊಗಳಿದವರೂ ಒಂದು ವಿಷಯದಲ್ಲಿ ಒಂದೇ ಮಾತಿನವರು. ಅದು ದೂರ್ವಾಸಪುರವೆಂಬ ಮಾಧ್ವ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಕಥೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಬೈದವರಿಗೆ ಆಚಾರ್ಯರು ಕಾಡಿನಲ್ಲಿ ಜಾರಿದ್ದು ದೊಡ್ಡದಾಗಿ ಕಂಡಿತು. ಹೊಗಳಿದವರಿಗೆ ಜಾರಿದ ಮೇಲೆ ಅವರು ಯೋಚಿಸಿದ್ದು ದೊಡ್ಡದಾಗಿ ಕಂಡಿತು. ಒಂದು ಪಂಗಡ ಜಾತಿನಿಂದೆ ಎಂದಿತು, ಇನ್ನೊಂದು ಪಂಗಡ ಅಸ್ತಿತ್ವದ ಶೋಧ ಎಂದಿತು. ಎರಡೂ ಪಂಗಡದವರು ಆಚಾರ್ಯರ ಹಿಂದೆಯೇ ನಡೆದು, ಅವರು ಎಲ್ಲಿ ನಿಂತರೋ ಅಲ್ಲೇ ನಿಂತರು.

ನನ್ನ ತಕರಾರು ಈ ಇಬ್ಬರ ಮೇಲೂ ಇದೆ. ಕಾದಂಬರಿ ಎತ್ತಿಕೊಳ್ಳುವ ಪ್ರಶ್ನೆ ಸರಳವಾದದ್ದು: ಅಗ್ರಹಾರದ ಕಟ್ಟಳೆ ಮುರಿದು ಬಾಳಿದ ನಾರಣಪ್ಪ ಸತ್ತಿದ್ದಾನೆ, ಅವನ ಹೆಣವನ್ನು ಸುಡುವವರು ಯಾರು? ಆ ಪ್ರಶ್ನೆ ಆಚಾರ್ಯರಿಂದ ಬಗೆಹರಿಯುವುದಿಲ್ಲ, ಅವರ ಗ್ರಂಥಗಳಿಂದ ಬಗೆಹರಿಯುವುದಿಲ್ಲ, ಮಾರುತಿಯ ಗುಡಿಯಲ್ಲಿ ಬಗೆಹರಿಯುವುದಿಲ್ಲ. ಅದನ್ನು ನಾರಣಪ್ಪನ ಜೊತೆ ಬಾಳಿದ ಚಂದ್ರಿ ಒಂದೇ ರಾತ್ರಿಯಲ್ಲಿ ಬಗೆಹರಿಸಿ ಹೊರಟುಹೋಗುತ್ತಾಳೆ. ಆಗ ಕಾದಂಬರಿ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿರುತ್ತದೆ. ಉಳಿದರ್ಧದಲ್ಲಿ ನಡೆಯುವುದೆಲ್ಲ ಆಗಲೇ ಬೂದಿಯಾದ ಹೆಣವೊಂದರ ಸುತ್ತ ನಡೆಯುತ್ತದೆ. ಈ ಘಟನೆಯನ್ನು ಕಾದಂಬರಿ ಓದಿದ ಯಾರೂ ಮರೆತಿರಲಾರರು. ಆದರೆ ಅದರ ತೂಕವನ್ನು ಮರೆತು ಅರವತ್ತು ವರ್ಷ ವಾದ ಮಾಡಿದ್ದೇವೆ.

ಆ ವಾದ ನನ್ನ ನೆರೆಯಲ್ಲೂ ಕೇಳುತ್ತದೆ. ನಾನಿರುವ ಉಪ್ಪಲ್ ಹೈದರಾಬಾದಿನ ಪೂರ್ವದ ಅಂಚು. ಇಲ್ಲಿ ಕನ್ನಡದ ಮನೆಗಳು ಅಲ್ಲೊಂದು ಇಲ್ಲೊಂದು. ಬಹಳಷ್ಟು ಮನೆಗಳವರು ರಾಯಚೂರು, ಯಾದಗಿರಿ, ಕಲಬುರಗಿ, ಬೀದರ ಕಡೆಯವರು. 1956ರ ನವೆಂಬರ್ 1ರವರೆಗೆ ಆ ಸೀಮೆಗೆಲ್ಲ ಹೈದರಾಬಾದೇ ರಾಜಧಾನಿಯಾಗಿದ್ದುದರಿಂದ ಈ ಊರು ಅವರಿಗೆ ಪರದೇಶವಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೂ ಬರ್ಕತ್‌ಪುರದ ರಾಯರ ಮಠಕ್ಕೂ ಹೋಗಿಬರುವ ಇವರಲ್ಲಿ ಮಾಧ್ವರ ಮನೆತನಗಳು ಸಾಕಷ್ಟಿವೆ. ಇಂಥ ಮನೆಯ ಹಿರಿಯರ ಮುಂದೆ ‘ಸಂಸ್ಕಾರ’ದ ಹೆಸರೆತ್ತಿದರೆ ಇವತ್ತಿಗೂ ಮುಖ ಬಿಗಿಯುತ್ತದೆ. “ನಮ್ಮ ಮಂದೀನ್ನ ಬೀದಿಗೆ ಎಳದ ಪುಸ್ತಕ ಅಲ್ಲೇನದು?” ಎಂಬ ಮಾತು ಬರುತ್ತದೆ. “ಓದೀರೇನ್ರಿ ಅಜ್ಜಾರ?” ಎಂದು ಕೇಳಿದರೆ “ಓದ್ಲಿಕ್ಕೆ ಏನದ ಅದ್ರಾಗ?” ಎಂಬುದೇ ಉತ್ತರ. ಅವರ ಮಕ್ಕಳು ಅದನ್ನು ಪಠ್ಯವಾಗಿ ಓದಿ, ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷ ಎಂದು ಎರಡು ಪುಟ ಬರೆದು ಪಾಸಾಗಿದ್ದಾರೆ. ಮೊಮ್ಮಕ್ಕಳಿಗೆ ಅದು ಹಳೆಯ ಕಪ್ಪು ಬಿಳುಪು ಸಿನಿಮಾ. ಮೂರು ತಲೆಮಾರಿಗೆ ಮೂರು ಅಭಿಪ್ರಾಯ ಸಿಕ್ಕಿದೆ, ಮೂರೂ ಯಾರೋ ಕೊಟ್ಟದ್ದು.

ಆ ಅಭಿಪ್ರಾಯಗಳು ಎಲ್ಲಿಂದ ಬಂದವು ಎಂಬುದನ್ನು ಸ್ವಲ್ಪ ನೋಡಬೇಕು. ಅನಂತಮೂರ್ತಿ ಕಾದಂಬರಿಯನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಸಂಶೋಧನೆಗೆಂದು ಹೋಗಿದ್ದಾಗ. ಗುರು ಮಾಲ್ಕಂ ಬ್ರ್ಯಾಡ್‌ಬರಿಯ ಜೊತೆ ಇಂಗ್ಮಾರ್ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದ್ದು, ಅಲ್ಲಿನ ಪ್ಲೇಗು ಮತ್ತು ನಂಬಿಕೆಯ ತಾಕಲಾಟ ತಮ್ಮ ತೀರ್ಥಹಳ್ಳಿ ಸೀಮೆಯ ಬಾಲ್ಯವನ್ನು ಕೆದಕಿದ್ದು, ಅದನ್ನು ಅವರೇ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಈ ಹಿನ್ನೆಲೆ ತಿಳಿದದ್ದೇ ತಡ, ನವ್ಯ ವಿಮರ್ಶೆಗೆ ಕೈಗೆ ಬೀಗದ ಕೈ ಸಿಕ್ಕಂತಾಯಿತು. ಯುರೋಪಿನ ತತ್ವಜ್ಞಾನದಿಂದ ಬಂದ ಆಯ್ಕೆ, ಪರಕೀಯತೆ, ಪ್ರಾಮಾಣಿಕತೆ ಎಂಬ ಮಾತುಗಳೆಲ್ಲ ಆಚಾರ್ಯರಿಗೆ ಸರಿಯಾಗಿ ಹೊಂದಿಕೊಂಡವು. 1976ರಲ್ಲಿ ಎ.ಕೆ. ರಾಮಾನುಜನ್ನರ ಇಂಗ್ಲಿಷ್ ಅನುವಾದ ಬಂತು. ಮರುವರ್ಷವೇ ವಿ.ಎಸ್. ನೈಪಾಲ್ ಭಾರತದ ಮೇಲೆ ಬರೆದ ಪುಸ್ತಕದಲ್ಲಿ ಈ ಕಾದಂಬರಿಯನ್ನು ಹಿಂದೂ ಮನಸ್ಸಿನ ದಾಖಲೆಯೆಂಬಂತೆ ಓದಿದರು. ಅದನ್ನು ಅಗ್ರಹಾರದ ವರದಿಯಾಗಿ ಓದಿ ಕೋಪಗೊಂಡವರಿಗೂ, ಅದೇ ವರದಿಯನ್ನು ಓದಿ ಇಡೀ ನಾಡಿನ ಮೇಲೆ ತೀರ್ಪು ಕೊಟ್ಟ ನೈಪಾಲರಿಗೂ ಓದುವ ರೀತಿಯಲ್ಲಿ ಏನೂ ವ್ಯತ್ಯಾಸವಿಲ್ಲ.

ಗದ್ದಲ ಜೋರಾದದ್ದು ಮಾತ್ರ ಸಿನಿಮಾದಿಂದ. ಅದರ ಹಿಂದೆ ನಿಂತವರು ತೆಲುಗಿನವರು ಎಂಬುದು ಇಲ್ಲಿನ ಕನ್ನಡಿಗರಿಗೂ ನೆನಪಿಲ್ಲ, ತೆಲುಗರಿಗೂ ನೆನಪಿಲ್ಲ. ನಿರ್ಮಿಸಿ ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನವರು. 1939ರಲ್ಲೇ ‘ಫಿಡೇಲು ರಾಗಾಲ ಡಜನ್’ ಎಂಬ ಕವಿತಾ ಸಂಕಲನ ತಂದು, ತೆಲುಗು ಛಂದಸ್ಸಿನ ಮಡಿವಂತರನ್ನು ಸಿಟ್ಟಿಗೆಬ್ಬಿಸಿದ್ದ ಕವಿ. ಗಿರೀಶ ಕಾರ್ನಾಡರು ಆಚಾರ್ಯರಾದರು, ಪಿ. ಲಂಕೇಶ್ ನಾರಣಪ್ಪನಾದರು, ಪಟ್ಟಾಭಿಯವರ ಹೆಂಡತಿ ಸ್ನೇಹಲತಾ ರೆಡ್ಡಿ ಚಂದ್ರಿಯಾದರು. ಸಂಗೀತ ಕೊಟ್ಟ ರಾಜೀವ ತಾರಾನಾಥರು ನಿಜಾಮನ ಕಾಲದ ರಾಯಚೂರಿನಲ್ಲಿ ಹಮದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ. ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರಕ್ಕೆ ಅನುಮತಿ ನಿರಾಕರಿಸಿತು. ಮಾಧ್ವ ಸಮುದಾಯಕ್ಕೆ ನೋವಾಗುತ್ತದೆ, ಉದ್ವೇಗ ಹುಟ್ಟುತ್ತದೆ ಎಂಬುದು ಆತಂಕ. ಕೊನೆಗೆ ಕೇಂದ್ರದ ಮಟ್ಟದಲ್ಲಿ ಬಿಡುಗಡೆ ಸಿಕ್ಕಿ, 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಯ ಚಿನ್ನದ ಪದಕ ಬಂತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ನಿಷೇಧದಿಂದ ಪದಕದವರೆಗಿನ ಈ ದಾರಿಯಲ್ಲಿ ಚರ್ಚೆಯಾದದ್ದೆಲ್ಲ ಬ್ರಾಹ್ಮಣರನ್ನು ತೋರಿಸಿದ್ದು ಸರಿಯೇ ತಪ್ಪೇ ಎಂಬುದು. ಚಂದ್ರಿಯನ್ನು ತೋರಿಸಿದ್ದರ ಬಗ್ಗೆ ಚರ್ಚೆಯಾಗಿದ್ದರೆ ಅದು ಅವಳ ಮೈಯ ಬಗ್ಗೆ.

ಈಗ ಆ ರಾತ್ರಿಗೆ ಬರೋಣ.

ನಾರಣಪ್ಪ ಶಿವಮೊಗ್ಗಕ್ಕೆ ಹೋಗಿ ಜ್ವರ ಹತ್ತಿಸಿಕೊಂಡು ಬಂದು ಸಾಯುತ್ತಾನೆ. ಮಾಂಸ ತಿಂದವನು, ಹೆಂಡ ಕುಡಿದವನು, ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ದೇವರ ಕೆರೆಯ ಮೀನು ಹಿಡಿದವನು. ಆದರೆ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲವಾದ್ದರಿಂದ ಸತ್ತಾಗ ಅವನಿನ್ನೂ ಬ್ರಾಹ್ಮಣನೇ. ಬ್ರಾಹ್ಮಣನ ಹೆಣವನ್ನು ಬ್ರಾಹ್ಮಣರಲ್ಲದವರು ಮುಟ್ಟಕೂಡದು, ಹೆಣ ಎತ್ತುವವರೆಗೆ ಅಗ್ರಹಾರದವರು ಉಣ್ಣಕೂಡದು. ಚಂದ್ರಿ ತನ್ನ ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿ ಸಂಸ್ಕಾರದ ಖರ್ಚಿಗೆಂದು ಆಚಾರ್ಯರ ಮುಂದಿಡುತ್ತಾಳೆ. ಆ ಬಂಗಾರ ಕಂಡದ್ದೇ ಅಗ್ರಹಾರದ ಗರುಡಾಚಾರ್ಯನಿಗೂ ಲಕ್ಷ್ಮಣಾಚಾರ್ಯನಿಗೂ ಶಾಸ್ತ್ರದ ವಿಚಾರ ಬದಲಾಗುತ್ತದೆ. ಆಚಾರ್ಯರೊಬ್ಬರೇ ನಿಜವಾದ ಕಳಕಳಿಯಿಂದ ತಾಳೆಗರಿ ತಿರುವುತ್ತಾರೆ. ಉತ್ತರ ಸಿಗದೆ ಮಾರುತಿಯ ಮೊರೆ ಹೋಗುತ್ತಾರೆ. ಪ್ರಸಾದದ ಹೂ ಎಡಕ್ಕೂ ಬೀಳುವುದಿಲ್ಲ, ಬಲಕ್ಕೂ ಬೀಳುವುದಿಲ್ಲ. ಹಿಂತಿರುಗುವಾಗ ಕಾಡಿನ ಕತ್ತಲಲ್ಲಿ ಚಂದ್ರಿ ಕಾಲಿಗೆ ಬೀಳುತ್ತಾಳೆ. ಮುಂದೆ ಆಗುವುದು ಎಲ್ಲರಿಗೂ ಗೊತ್ತಿದೆ.

ಎಲ್ಲರಿಗೂ ಗೊತ್ತಿರುವುದರ ಮರುಕ್ಷಣವೇ ಬರುವ ಒಂದು ಮಾತನ್ನು ಗಮನಿಸಬೇಕು. ಎಚ್ಚೆತ್ತ ಆಚಾರ್ಯರು ಚಂದ್ರಿಗೆ, ನಾಳೆ ಬ್ರಾಹ್ಮಣರು ಸೇರಿದಾಗ ನಡೆದದ್ದನ್ನು ನೀನೇ ಹೇಳು ಎನ್ನುತ್ತಾರೆ. ತಮಗೆ ಧೈರ್ಯ ಬರದಿದ್ದರೆ ಅವಳು ಹೇಳಬೇಕು. ಹೆಣದ ವಿಷಯದಲ್ಲಿ ತೀರ್ಮಾನ ಕೊಡುವ ಅಧಿಕಾರ ತಮಗಿನ್ನಿಲ್ಲ. ಇಪ್ಪತ್ತು ವರ್ಷ ಊರಿಗೆಲ್ಲ ಧರ್ಮ ಹೇಳಿದವರು, ಮೊದಲ ಸಲ ಹೇಳಲು ಕಷ್ಟವಾದದ್ದನ್ನು ಹೇಳಬೇಕಾಗಿ ಬಂದಾಗ, ಅದನ್ನು ಊರಿನಲ್ಲಿ ಯಾವ ಸ್ಥಾನವೂ ಇಲ್ಲದ ಹೆಂಗಸಿನ ಬಾಯಿಗೆ ವಹಿಸುತ್ತಾರೆ. ವಿಮರ್ಶಕರು ಈ ಘಟ್ಟದಲ್ಲಿ ಆಚಾರ್ಯರ ಒಳಗಿನ ಬಿರುಕನ್ನು ಬಹಳ ಸೂಕ್ಷ್ಮವಾಗಿ ವಿವರಿಸಿದ್ದಾರೆ. ವಹಿಸಿಕೊಂಡವಳು ಏನು ಮಾಡಿದಳು ಎಂಬುದನ್ನು ಅಷ್ಟೇ ಸೂಕ್ಷ್ಮವಾಗಿ ಯಾಕೆ ನೋಡಲಿಲ್ಲ?

ಅವಳು ಮನೆಗೆ ಬರುತ್ತಾಳೆ. ಹೆಣ ಊದಿ ನಾರುತ್ತಿದೆ. ತನ್ನ ಜೊತೆ ಬಾಳಿದವನ ಗುರುತೂ ಅದರಲ್ಲಿ ಉಳಿದಿಲ್ಲ. ಅದಕ್ಕೆ ಜಾತಿಯೂ ಇಲ್ಲ ಎಂಬುದು ಅವಳಿಗೆ ಆ ಕ್ಷಣ ಹೊಳೆಯುತ್ತದೆ. ಆಚಾರ್ಯರು ಗ್ರಂಥವೆಲ್ಲ ತಿರುವಿದರೂ ಕಾಣದ ಒಂದು ಸಂಗತಿಯನ್ನು ಅವಳ ಮೂಗು ಕಂಡುಕೊಳ್ಳುತ್ತದೆ. ಅವಳು ಗಾಡಿಯ ಶೇಷಪ್ಪನ ಹತ್ತಿರ ಹೋಗುತ್ತಾಳೆ. ಅವನು ಶೂದ್ರ. ಬ್ರಾಹ್ಮಣನ ಹೆಣ ಮುಟ್ಟಿ ನರಕಕ್ಕೆ ಹೋಗಲಾರೆ ಎಂದು ಅವನು ಹೆದರುತ್ತಾನೆ. ಆಮೇಲೆ ಅವಳು ಹೋಗುವುದು ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ಬಳಿಗೆ. ಹಿಂದೊಮ್ಮೆ ಎತ್ತು ಕೊಳ್ಳಲು ನಾರಣಪ್ಪ ಹಣ ಕೊಟ್ಟದ್ದನ್ನು ನೆನಪಿಟ್ಟುಕೊಂಡವನು ಅವನು. ಗಾಡಿ ಕಟ್ಟಿಕೊಂಡು ಬರುತ್ತಾನೆ, ಹೆಣವನ್ನೂ ಸೌದೆಯನ್ನೂ ಹೇರುತ್ತಾನೆ, ಯಾರಿಗೂ ತಿಳಿಯದಂತೆ ಸ್ಮಶಾನದಲ್ಲಿ ಸುಟ್ಟು ಹೊರಡುತ್ತಾನೆ. ಚಂದ್ರಿ ಬೆಳಗಿನ ಬಸ್ಸು ಹಿಡಿಯಲು ನಡೆದು ಕುಂದಾಪುರದ ದಾರಿ ಹಿಡಿಯುತ್ತಾಳೆ. ಇಷ್ಟೂ ಕೆಲವೇ ಪುಟಗಳಲ್ಲಿ ಮುಗಿಯುತ್ತದೆ. ಅನಂತಮೂರ್ತಿಯವರ ಗದ್ಯ ಬೇರೆಡೆ ಸುತ್ತಿ ಬಳಸಿ ನಡೆಯುವಂಥದ್ದು. ಇಲ್ಲಿ ಮಾತ್ರ ನೆಟ್ಟಗೆ ಹೋಗುತ್ತದೆ. ನನಗೆ ಇಡೀ ಕಾದಂಬರಿಯಲ್ಲಿ ಅತ್ಯಂತ ಬಲವಾದ ಬರವಣಿಗೆ ಇದೇ ಎನಿಸುತ್ತದೆ.

ಈ ಸರಪಳಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ. ದೂರ್ವಾಸಪುರದ ಮಾಧ್ವರು ಒಪ್ಪಲಿಲ್ಲ. ಪಾರಿಜಾತಪುರದ ಸ್ಮಾರ್ತರು ನಾರಣಪ್ಪನ ಗೆಳೆಯರಾಗಿದ್ದರೂ ಮುಂದೆ ಬರಲಿಲ್ಲ. ಮಠಕ್ಕೆ ಹೋದರೆ ಅಲ್ಲಿನ ಗುರುಗಳಿಗೆ ನಾರಣಪ್ಪನ ಆಸ್ತಿ ದೇವರಿಗೆ ಸೇರಬೇಕೆಂಬುದೂ ಮುಖ್ಯವಾಯಿತು. ಗಾಡಿ ಹೊಡೆಯುವ ಶೂದ್ರನೂ ಒಪ್ಪಲಿಲ್ಲ. ಇದು ಒಂದು ಒಳಪಂಗಡದ ಮೇಲೆ ಕೆಸರೆರಚುವ ಪುಸ್ತಕವಾಗಿದ್ದರೆ ಶೇಷಪ್ಪನ ಪ್ರಸಂಗ ಬೇಕಿರಲಿಲ್ಲ. ಮಡಿಯ ಕಟ್ಟಳೆಯನ್ನು ಬರೆದವರು ಎಷ್ಟು ಪಾಲಿಸುತ್ತಾರೋ ಅದರಿಂದ ತುಳಿತಕ್ಕೊಳಗಾದವರೂ ಅಷ್ಟೇ ಪಾಲಿಸುತ್ತಾರೆ ಎಂಬುದನ್ನು ತೋರಿಸಲು ಅವನು ಬಂದಿದ್ದಾನೆ. ಸರಪಳಿ ತುಂಡಾಗುವುದು ಆ ಕಟ್ಟಳೆಯ ಹೊರಗಿನ ಇಬ್ಬರಲ್ಲಿ, ಒಬ್ಬ ವೇಶ್ಯೆ ಮತ್ತು ಒಬ್ಬ ಮುಸಲ್ಮಾನ. ನೊಂದುಕೊಂಡ ಮಾಧ್ವರು ತಮ್ಮನ್ನು ಮಾತ್ರ ಕನ್ನಡಿಯಲ್ಲಿ ಕಂಡರು. ಅದರಲ್ಲಿ ಇಡೀ ಊರೇ ನಿಂತಿತ್ತು.

ನೊಂದವರ ಇನ್ನೊಂದು ದೂರು ಕಾಡಿನ ಪ್ರಸಂಗದ ಮೇಲೆ. ವೇದಾಂತ ಶಿರೋಮಣಿಯನ್ನು ಕೀಳು ಜಾತಿಯ ಹೆಂಗಸಿನ ಜೊತೆ ಮಲಗಿಸಿದ್ದು ಅಕ್ಷಮ್ಯ ಎಂದು. ಈ ದೂರಿಗೆ ಒಂದು ಉತ್ತರ ನಮ್ಮ ಹತ್ತಿರದಲ್ಲೇ ಇದೆ. ಉಪ್ಪಲ್ ರಸ್ತೆಯಲ್ಲಿ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಸ್ಥೆಯಿದೆ. ಅಲ್ಲಿನ ಕೆ. ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಖ್ ಮೊದಲಾದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಈ ನೆಲದ ಬೇರೆ ಬೇರೆ ಮೂಲದ ಜನ ಧಾರಾಳವಾಗಿ ಬೆರೆತರು. ಒಳಮದುವೆಯ ಗೋಡೆ ಎದ್ದದ್ದು ಆಮೇಲೆ. ಇವತ್ತಿನ ಹೆಚ್ಚುಕಡಿಮೆ ಯಾವ ಗುಂಪಿನ ರಕ್ತವೂ ಆ ಬೆರಕೆಯಿಂದ ಹೊರಗಿಲ್ಲ. ಅಗ್ರಹಾರದ ಮಂದಿಗೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ. 1970ರಲ್ಲಿ ಆಕ್ಷೇಪ ಎತ್ತಿದವರಿಗೂ ಗೊತ್ತಿರಲಿಲ್ಲ. ಇವತ್ತು ಗೊತ್ತಿದ್ದೂ ಆ ಪ್ರಸಂಗವನ್ನೇ ಕಾದಂಬರಿಯ ಪಾಪವೆಂದು ತೋರಿಸುವವರಿಗೆ ನಾನು ಹೇಳುವುದು ಇಷ್ಟೆ: ಅಲ್ಲಿ ನಡೆದದ್ದು ಈ ನೆಲದಲ್ಲಿ ನಡೆದೇ ಇದ್ದದ್ದು, ನಿಮ್ಮ ಗಮನ ಆ ರಾತ್ರಿಯ ಉತ್ತರಾರ್ಧಕ್ಕೆ ಸಲ್ಲಬೇಕಿತ್ತು.

ಉತ್ತರಾರ್ಧವನ್ನು ಗಂಭೀರವಾಗಿ ತೆಗೆದುಕೊಂಡರೆ ಮುಂದಿನ ಪುಟಗಳೆಲ್ಲ ಬೇರೆಯಾಗಿ ಓದಿಸಿಕೊಳ್ಳುತ್ತವೆ. ಬೆಳಗಾದ ಮೇಲೂ ಅಗ್ರಹಾರ ಹೆಣವಿದೆಯೆಂದೇ ನಂಬಿದೆ. ಇಲ್ಲದ ಹೆಣಕ್ಕಾಗಿ ಬ್ರಾಹ್ಮಣರು ಊರು ಬಿಟ್ಟು ಕೈಮರಕ್ಕೂ ಮಠಕ್ಕೂ ಅಲೆಯುತ್ತಾರೆ, ದಾರಿಯಲ್ಲಿ ಜ್ವರ ಬಂದು ಸಾಯುತ್ತಾರೆ. ಬೀದಿಯಲ್ಲಿ ಇಲಿಗಳು ಗಿರಗಿರ ತಿರುಗಿ ಬಿದ್ದು ಸಾಯುತ್ತವೆ, ಮಾಡಿನ ಮೇಲೆ ಹದ್ದುಗಳು ಕೂರುತ್ತವೆ, ಜನ ಜಾಗಟೆ ಶಂಖ ಬಾರಿಸಿ ಅವನ್ನು ಓಡಿಸುತ್ತಾರೆ. ಇಲಿ ಸತ್ತರೆ ಅದರ ಮೈಮೇಲಿನ ಚಿಗಟ ಮನುಷ್ಯರಿಗೆ ಹತ್ತುತ್ತದೆ, ಚಿಗಟದಿಂದ ಪ್ಲೇಗು ಹರಡುತ್ತದೆ. ಶಿವಮೊಗ್ಗದಲ್ಲಿ ಪ್ಲೇಗು ಬಿದ್ದಿರುವ ಸುದ್ದಿಯೂ ಆ ಸೀಮೆಗೆ ತಲುಪುತ್ತದೆ. ಆದರೂ ಅಗ್ರಹಾರಕ್ಕೆ ಕಾಣುವುದು ನಾರಣಪ್ಪನ ಪ್ರೇತದ ಕಾಟ. ಹೆಣವನ್ನು ತಕ್ಷಣ ಸುಡಬೇಕು ಎಂಬ ಚಂದ್ರಿಯ ಒತ್ತಾಯ ರೋಗದ ದೃಷ್ಟಿಯಿಂದಲೂ ಸರಿಯಾದದ್ದಾಗಿತ್ತು. ಅದನ್ನು ಅವಳು ರೋಗ ತಿಳಿದು ಮಾಡಲಿಲ್ಲ, ಸತ್ತವನ ಮೇಲಿನ ಋಣಕ್ಕೆ ಮಾಡಿದಳು. ತಿಳಿವಳಿಕೆ ಇದ್ದವರು ಎನಿಸಿಕೊಂಡವರು ಕಣ್ಣ ಮುಂದಿನದನ್ನು ಓದಲಾರದೆ ಹೋದ ಕಥೆ ಇದು. ಅದನ್ನು ತಿಳಿವಳಿಕೆ ಉಳ್ಳ ಒಬ್ಬರ ಅಂತರಂಗದ ಕಥೆಯಾಗಿಯೇ ಓದುತ್ತ ಬಂದದ್ದರಿಂದ ಇಲಿಗಳೂ ಹದ್ದುಗಳೂ ಬರೀ ಸಂಕೇತಗಳಾಗಿ ಹೋದವು.

2020ರಲ್ಲಿ ಕೊರೊನಾ ಬಂದಾಗ ಇದೇ ಸಿಸಿಎಂಬಿಯ ವಿಜ್ಞಾನಿಗಳು ಹೈದರಾಬಾದಿನ ಚರಂಡಿ ನೀರಿನಲ್ಲಿ ವೈರಸ್ಸಿನ ಕುರುಹು ಹುಡುಕಿ, ಸೋಂಕು ತಗುಲಿದವರು ಎಷ್ಟಿರಬಹುದೆಂದು ಲೆಕ್ಕ ಹಾಕಿದರು. ಕಣ್ಣಿಗೆ ಕಾಣದ್ದನ್ನು ಅಷ್ಟರಮಟ್ಟಿಗೆ ಓದಬಲ್ಲ ನಗರ ಇದು. ಆದರೂ ಆ ಎರಡು ವರ್ಷ ಇಲ್ಲಿಯೂ ಬೆಂಗಳೂರಿನಲ್ಲಿಯೂ ಹೆತ್ತವರ ಹೆಣ ಪಡೆಯಲು ಮಕ್ಕಳು ಹಿಂಜರಿದದ್ದನ್ನು, ಗುರುತೂ ಇಲ್ಲದ ಹಿಂದೂಗಳ ಹೆಣಗಳನ್ನು ಮುಸ್ಲಿಂ ಯುವಕರು ಹೊತ್ತು ಚಿತೆಗೆ ಮುಟ್ಟಿಸಿದ್ದನ್ನು ಪತ್ರಿಕೆಗಳಲ್ಲಿ ಓದಿದೆವು, ಕೆಲವರು ಕಣ್ಣಾರೆ ಕಂಡೆವು. ಆಗ ನನಗೆ ಆಚಾರ್ಯರ ಮನೋಮಂಥನ ನೆನಪಾಗಲಿಲ್ಲ. ಅಹಮದ್ ಬ್ಯಾರಿಯ ಗಾಡಿ ನೆನಪಾಯಿತು. ಒಂದು ಕೃತಿಯ ಯಾವ ಭಾಗ ಕಾಲ ದಾಟಿ ಬಂದಿದೆ ಎಂಬುದನ್ನು ಕಾಲವೇ ಹೀಗೆ ತೋರಿಸಿಕೊಟ್ಟಾಗ, ವಿಮರ್ಶೆ ತನ್ನ ಹಳೆಯ ಟಿಪ್ಪಣಿಗಳನ್ನು ಬದಿಗಿಟ್ಟು ಪುಸ್ತಕವನ್ನು ಮತ್ತೆ ತೆರೆಯಬೇಕು.

ನನ್ನ ಓದಿಗೆ ಬರಬಹುದಾದ ಗಟ್ಟಿ ಆಕ್ಷೇಪ ಒಂದಿದೆ. ಹೆಣ ಸುಟ್ಟರೆ ಸಂಸ್ಕಾರವಾಯಿತೇ? ಮಂತ್ರವಿಲ್ಲ, ಕರ್ತೃವಿಲ್ಲ, ಪಿಂಡವಿಲ್ಲ. ಶಾಸ್ತ್ರದ ಪ್ರಕಾರ ನಾರಣಪ್ಪ ಇನ್ನೂ ಪ್ರೇತವಾಗಿಯೇ ಅಲೆಯುತ್ತಿದ್ದಾನೆ, ಆದ್ದರಿಂದ ಆಚಾರ್ಯರ ಪ್ರಶ್ನೆ ಹಾಗೆಯೇ ಉಳಿದಿದೆ ಎಂದು ಹೇಳಬಹುದು. ಈ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕಾದಂಬರಿಯ ಹೆಸರೇ ಅದಕ್ಕೆ ಬೆಂಬಲವಾಗಿ ನಿಂತಿದೆ. ಆದರೆ ಅಗ್ರಹಾರವನ್ನು ಕಾಡಿದ್ದು ನಾರಣಪ್ಪನ ಆತ್ಮದ ಗತಿಯಲ್ಲ. ಅವನ ಸದ್ಗತಿಗಾಗಿ ಚಿಂತೆಪಟ್ಟವರು ಆಚಾರ್ಯರನ್ನು ಬಿಟ್ಟರೆ ಚಂದ್ರಿಯೊಬ್ಬಳೇ, ತನ್ನ ಬಂಗಾರ ಕೊಟ್ಟವಳು. ಉಳಿದವರಿಗಿದ್ದದ್ದು ಹಸಿವು ಮತ್ತು ಮೈಲಿಗೆಯ ಭಯ. ಹಸಿವು ತಾಳಲಾರದೆ ದಾಸಾಚಾರ್ಯ ಗುಟ್ಟಾಗಿ ಪಾರಿಜಾತಪುರದ ಮಂಜಯ್ಯನ ಮನೆಗೆ ಹೋಗಿ ತಿನ್ನುವ ಪ್ರಸಂಗ ಕಾದಂಬರಿಯಲ್ಲಿ ಎಷ್ಟು ಕರುಣೆಯಿಂದ ಬಂದಿದೆಯೆಂದರೆ, ಅದನ್ನು ಅವಹೇಳನವೆಂದು ಓದಿದವರು ಬಡ ಬ್ರಾಹ್ಮಣನ ಹಸಿವನ್ನೇ ನೋಡಿಲ್ಲ. ಆ ಹಸಿವಿಗೆ ಬೇಕಾದ ಬಿಡುಗಡೆಯನ್ನು ಚಂದ್ರಿ ಅವತ್ತು ರಾತ್ರಿಯೇ ಕೊಟ್ಟಾಗಿತ್ತು. ಸುದ್ದಿ ಮಾತ್ರ ತಲುಪಲಿಲ್ಲ.

ಮೂರನೆಯ ಭಾಗದ ಬಗ್ಗೆ ಈಗ ಹೇಳಬೇಕು, ಏಕೆಂದರೆ ಕಾದಂಬರಿಯ ಕೀರ್ತಿ ನಿಂತಿರುವುದು ಅದರ ಮೇಲೆ. ಹೆಂಡತಿ ಭಾಗೀರಥಿ ತೀರಿಕೊಂಡು, ಅವಳನ್ನು ಸುಟ್ಟ ಆಚಾರ್ಯರು ಕಾಲು ಎಳೆದತ್ತ ಹೊರಡುತ್ತಾರೆ. ಮಾಲೇರರ ಪುಟ್ಟ ಬಿಟ್ಟೂಬಿಡದೆ ಜೊತೆಯಾಗುತ್ತಾನೆ. ಮೇಳಿಗೆಯ ತೇರು, ಕೋಳಿ ಅಂಕ, ಪದ್ಮಾವತಿಯ ಮನೆ, ಸೂತಕದಲ್ಲೇ ಕೂತು ಉಣ್ಣುವ ದೇವಸ್ಥಾನದ ಊಟ. ಪುಟ್ಟನಂಥ ಪಾತ್ರ ಕನ್ನಡದಲ್ಲಿ ಅಪರೂಪ. ಜಾತ್ರೆಯ ಗದ್ದಲದ ನಡುವೆ ಗುರುತು ಸಿಕ್ಕೀತೆಂದು ಬೆವರುವ ಆಚಾರ್ಯರ ಭಯ ಇಂದಿಗೂ ಓದುಗನ ಮೈಗೆ ತಾಗುತ್ತದೆ. ಈ ಪುಟಗಳ ಕಲೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಪ್ರಶ್ನಿಸುವುದು, ಇದೇ ಕಾದಂಬರಿಯ ನೈತಿಕ ಶಿಖರ ಎಂಬ ಮಾತನ್ನು. ನಾನು ಯಾರು, ನಾನು ಮಾಡಿದ್ದು ನನ್ನ ಆಯ್ಕೆಯೋ ಅಲ್ಲವೋ ಎಂದು ಅಷ್ಟು ದೀರ್ಘವಾಗಿ ಯೋಚಿಸುವ ಬಿಡುವು ಆಚಾರ್ಯರಿಗೆ ಸಿಕ್ಕಿದ್ದು, ಹೆಣದ ಭಾರವನ್ನು ಬೇರೆಯವರು ಹೊತ್ತು ಮುಗಿಸಿದ್ದರಿಂದ. ಅದು ಅವರಿಗೆ ಗೊತ್ತಿಲ್ಲ, ಓದುಗನಿಗೆ ಗೊತ್ತಿದೆ. ಕಾದಂಬರಿಕಾರರು ಈ ಅಂತರವನ್ನು ಬೇಕೆಂದೇ ಇಟ್ಟಿದ್ದಾರೆ ಎಂದು ನಾನು ನಂಬುತ್ತೇನೆ. ಅದನ್ನು ಅಳಿಸಿ, ಆಚಾರ್ಯರ ಕಣ್ಣಿನಿಂದಲೇ ಎಲ್ಲವನ್ನೂ ನೋಡಿದ ನವ್ಯ ವಿಮರ್ಶೆ ತನಗೆ ಗೊತ್ತಿದ್ದ ಸಂಗತಿಯನ್ನು ತಾನೇ ಬಿಟ್ಟುಕೊಟ್ಟಿತು.

ಆದರೆ ಕಾದಂಬರಿಯೂ ಪೂರ್ತಿ ನಿರ್ದೋಷಿಯಲ್ಲ. ಇತ್ತೀಚಿನ ಸ್ತ್ರೀವಾದಿ ಮತ್ತು ದಲಿತ ಓದುಗಳು ಎತ್ತಿದ ಆಕ್ಷೇಪ ನಮಗೆಲ್ಲ ಪರಿಚಿತ. ಬ್ರಾಹ್ಮಣ ಹೆಂಗಸರೆಲ್ಲ ಇಲ್ಲಿ ಒಣಗಿದವರು, ಚಂದ್ರಿ ಬೆಳ್ಳಿ ಪದ್ಮಾವತಿಯರು ಬರೀ ತುಂಬಿದ ಮೈಗಳು. ಗಂಡಸಿನ ಜ್ಞಾನೋದಯಕ್ಕೆ ಕೆಳಜಾತಿಯ ಹೆಣ್ಣಿನ ದೇಹ ಮೆಟ್ಟಿಲಾಗಿದೆ. ಈ ಮಾತನ್ನು ಅಲ್ಲಗಳೆಯಲು ನನಗೆ ಸಾಧ್ಯವಿಲ್ಲ. ವರ್ಣನೆಗಳೇ ಸಾಕ್ಷಿ. ನನ್ನ ಭಿನ್ನಾಭಿಪ್ರಾಯ ಒಂದೇ. ಆ ಆಕ್ಷೇಪ ಕೂಡ ಚಂದ್ರಿಯನ್ನು ಕಾಡಿನಲ್ಲೇ ಬಿಟ್ಟುಬರುತ್ತದೆ, ಅವಳ ಜೊತೆ ಸ್ಮಶಾನದವರೆಗೆ ಬರುವುದಿಲ್ಲ. ಅವಳು ಮೈಯಾಗಿರುವುದು ಆಚಾರ್ಯರ ಕಣ್ಣಿಗೆ. ಕತ್ತಲಲ್ಲಿ ಮನೆಯಿಂದ ಮನೆಗೆ ನಡೆದು, ಒಬ್ಬ ಒಲ್ಲೆನೆಂದರೆ ಇನ್ನೊಬ್ಬನನ್ನು ಕೇಳಿ, ಕೆಲಸ ಮುಗಿಸಿಕೊಂಡು ಹೋದವಳು ಬುದ್ಧಿಯುಳ್ಳ, ತೀರ್ಮಾನ ತೆಗೆದುಕೊಳ್ಳಬಲ್ಲ ಹೆಂಗಸು. ಅನಂತಮೂರ್ತಿಯವರು ತಪ್ಪಿದ್ದು ಅವಳನ್ನು ಬಸ್ಸು ಹತ್ತಿಸಿದ ಮೇಲೆ. ಕುಂದಾಪುರದಲ್ಲಿ ಅವಳು ಏನಾದಳು? ಆಚಾರ್ಯರು ಅವಳನ್ನು ನೆನೆಯುತ್ತಾರೆ, ಹಂಬಲಿಸುತ್ತಾರೆ, ಅವಳ ಬಳಿ ಹೋಗಬೇಕೆಂದುಕೊಳ್ಳುತ್ತಾರೆ. ಆದರೆ ಅವಳು ಅವರ ನೆನಪಿನೊಳಗೆ ಮಾತ್ರ ಬದುಕುತ್ತಾಳೆ. ಇದಕ್ಕೂ ನಾಲ್ಕು ದಶಕ ಹಿಂದೆ, ತೆಲುಗಿನಲ್ಲಿ ಚಲಂ ‘ಮೈದಾನಂ’ ಬರೆದಿದ್ದರು. ಗಂಡನ ಮನೆ ಬಿಟ್ಟು ಅಮೀರ್ ಎಂಬವನ ಜೊತೆ ಹೋದ ಬ್ರಾಹ್ಮಣ ಹೆಂಗಸು ರಾಜೇಶ್ವರಿಯ ಕಥೆ. ಅದನ್ನೂ ಅಶ್ಲೀಲವೆಂದು ಬೈದರು, ಮನೆಯಲ್ಲಿ ಇಡಬಾರದ ಪುಸ್ತಕವೆಂದರು. ಕಲೆಯಲ್ಲಿ ಅದು ‘ಸಂಸ್ಕಾರ’ಕ್ಕಿಂತ ಸಡಿಲವಾದ ಕೃತಿ. ಆದರೆ ರಾಜೇಶ್ವರಿ ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಆ ಒಂದು ವಿಷಯದಲ್ಲಿ ಚಲಂ ಮುಂದಿದ್ದಾರೆ.

ಇನ್ನೊಂದು ಬೆಂಕಿಯ ಮಾತು ಉಳಿದಿದೆ. ಕಾದಂಬರಿಯಲ್ಲಿ ನಾರಣಪ್ಪನ ಚಿತೆ, ಭಾಗೀರಥಿಯ ಚಿತೆ ಮಾತ್ರ ಉರಿಯುವುದಲ್ಲ. ಕೆಳಜಾತಿಯ ಬೆಳ್ಳಿಯ ಕೇರಿಯಲ್ಲೂ ಜನ ಸಾಯುತ್ತಾರೆ, ಹೆಣಗಳ ಸಮೇತ ಗುಡಿಸಲಿಗೆ ಬೆಂಕಿ ಇಡುತ್ತಾರೆ. ಅಲ್ಲಿ ಯಾರೂ ಗ್ರಂಥ ತೆರೆಯಲಿಲ್ಲ, ಯಾವ ಮಠಕ್ಕೂ ಯಾರೂ ಹೋಗಲಿಲ್ಲ. ಒಂದು ಹೆಣಕ್ಕೆ ಇಡೀ ಊರಿನ ಶಾಸ್ತ್ರ ಸಾಲದೆ ಹೋದಾಗ, ಕೂಗಳತೆಯ ದೂರದಲ್ಲಿ ಎಷ್ಟೋ ಹೆಣಗಳಿಗೆ ಯಾವ ಶಾಸ್ತ್ರವೂ ಬೇಕಾಗಲಿಲ್ಲ. ಕಾದಂಬರಿಕಾರ ಇದನ್ನು ಕಂಡಿದ್ದಾರೆ, ಬರೆದಿದ್ದಾರೆ, ಆದರೆ ಅಲ್ಲಿ ನಿಲ್ಲದೆ ಮುಂದೆ ಹೋಗಿದ್ದಾರೆ. ನಿಂತಿದ್ದರೆ ಇದು ಇನ್ನೂ ದೊಡ್ಡ ಕಾದಂಬರಿಯಾಗುತ್ತಿತ್ತು. ನಿಲ್ಲದಿದ್ದರೂ ಆ ಬೆಂಕಿ ಪುಟದಲ್ಲಿದೆ, ನಾವು ನಿಲ್ಲಬಹುದು.

ಸ್ನೇಹಲತಾ ರೆಡ್ಡಿಯವರ ಚಂದ್ರಿಯನ್ನು ತೆರೆಯ ಮೇಲೆ ಮತ್ತೆ ನೋಡುವಾಗ ನನಗೆ ಈ ಓದೇ ಬಲವಾಗುತ್ತದೆ. ಆ ಮುಖದಲ್ಲಿ ಒಬ್ಬ ಯೋಚಿಸುವ ಹೆಂಗಸಿದ್ದಾಳೆ. ಅದೇ ಸ್ನೇಹಲತಾ ತುರ್ತುಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾಗಿ, ಬೆಂಗಳೂರಿನ ಜೈಲಿನಲ್ಲಿ ಅಸ್ತಮಾದಿಂದ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆಕೆಯ ಹೆಸರಿಲ್ಲದೆ ಈ ಕೃತಿಯ ಚರಿತ್ರೆ ಬರೆಯುವುದು ಅನ್ಯಾಯ.

ಕಾಲೇಜುಗಳಲ್ಲಿ ಇವತ್ತಿಗೂ ಕೇಳುವ ಪ್ರಶ್ನೆ, ಕೊನೆಯಲ್ಲಿ ಎತ್ತಿನ ಗಾಡಿಯಲ್ಲಿ ದೂರ್ವಾಸಪುರದ ಕಡೆ ಹೊರಟ ಆಚಾರ್ಯರು ಬ್ರಾಹ್ಮಣರ ಮುಂದೆ ಎಲ್ಲವನ್ನೂ ಹೇಳುತ್ತಾರೋ ಇಲ್ಲವೋ ಎಂಬುದು. ಹೇಳಬಹುದು, ಹೇಳದಿರಬಹುದು. ನಾನು ಪಾಠ ಹೇಳುವವನಾಗಿದ್ದರೆ ಬೇರೆ ಪ್ರಶ್ನೆ ಕೇಳುತ್ತಿದ್ದೆ. ಪ್ಲೇಗಿನಿಂದ ಸತ್ತು ಕೊಳೆತ ಹೆಣವನ್ನು ಆ ರಾತ್ರಿ ಎತ್ತಿದವನು ಅಹಮದ್ ಬ್ಯಾರಿ. ಅದು ಪ್ಲೇಗು ಎಂಬುದು ಅವನಿಗೂ ಗೊತ್ತಿರಲಿಲ್ಲ. ಅವನು ಮನೆಗೆ ಹೋದ ಮೇಲೆ ಏನಾದ? ಜ್ವರ ಬಂತೇ, ಬದುಕಿದನೇ, ಸತ್ತಿದ್ದರೆ ಅವನನ್ನು ಹೂಳಿದವರು ಯಾರು? ಕಾದಂಬರಿ ಅದನ್ನು ಹೇಳುವುದಿಲ್ಲ. ಈ ಅರವತ್ತು ವರ್ಷದ ವಾದದಲ್ಲಿ, ನಾನು ಓದಿದಷ್ಟರಲ್ಲಿ, ಅದನ್ನು ಕೇಳಿದವರೂ ಇಲ್ಲ.